ರಿಂಗ್ ಇದ್ದೂ ಊರು ಮೂಕವಾಗಿದ್ದೇಕೆ?

ಮಾನ್ಯ ಸಂಪಾದಕರೇ,

ರಸ್ತೆ ಅಗಲ ಮಾಡುವಾಗ ಜೆಸಿಬಿಗೆ ಸಿಕ್ಕಿ ಓಎಫ್‌ಸಿ (ಆಪ್ಟಿಕಲ್ ಫೈಬರ್) ಕೇಬಲ್ ತುಂಡಾಗಿ, ನಮ್ಮ ತಾಲ್ಲೂಕಿನಲ್ಲಿ ಇಡೀ ದಿನ ಫೋನು, ಇಂಟರ್‌ನೆಟ್ ಇರಲಿಲ್ಲ. ಬ್ಯಾಂಕಿನಲ್ಲಿ ದುಡ್ಡು ಸಿಗಲಿಲ್ಲ, ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟರೂ ಅಕ್ಕಿ ಬರಲಿಲ್ಲ. ಇದಕ್ಕೆ ‘ತಾಂತ್ರಿಕ ದೋಷ’ ಕಾರಣ ಎಂದು ಅಧಿಕಾರಿಗಳು ಹೇಳಿದ್ದು ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಟ್ರಾನ್ಸ್‌ಮಿಷನ್ ರೂಮಿನಲ್ಲೇ ನೌಕರಿ ಮುಗಿಸಿದವನು ನಾನು. ಪಾಪ, ಮೆಷಿನ್‌ನದು ಏನೂ ತಪ್ಪಿಲ್ಲ. ಊರಿಗೆ ಎರಡು ಕಡೆಯಿಂದ ಕೇಬಲ್ ತಂದು, ಒಂದು ಕಡಿದರೆ ಇನ್ನೊಂದರಲ್ಲಿ ಕಳಿಸುವ ಬಳೆಯಂಥ ವ್ಯವಸ್ಥೆಗೆ ರಿಂಗ್ ಅನ್ನುತ್ತೇವೆ. ನಮ್ಮಲ್ಲೂ ಅದಿತ್ತು.

ಒಂದೇ ಕೇಬಲ್‌ನಲ್ಲಿ ಅನೇಕ ಲೈನ್ ಕಳಿಸಲು ಮೊದಲು ಪಿಡಿಎಚ್ ಅಂತ ಹಳೆ ಪದ್ಧತಿ ಇತ್ತು. ಒಂದೊಂದು ಉಪಕರಣಕ್ಕೂ ತನ್ನದೇ ಗಡಿಯಾರ. ದಾರಿಯಲ್ಲಿ ಒಂದು ಸಣ್ಣ ಊರಿಗೆ 2 ಎಂಬಿ (ಸೆಕೆಂಡಿಗೆ 2 ಮೆಗಾಬಿಟ್), ಅಂದರೆ 30 ಫೋನ್ ಲೈನ್, ಕೊಡಬೇಕೆಂದರೆ 140 ಎಂಬಿಯನ್ನು 34ಕ್ಕೆ, ಅದನ್ನು 8ಕ್ಕೆ, ಅದನ್ನು 2ಕ್ಕೆ ಬಿಚ್ಚಿ ಮತ್ತೆ ಕಟ್ಟಬೇಕಿತ್ತು. ರೂಮಿನ ತುಂಬ ಬರೀ ರ‍್ಯಾಕ್‌ಗಳೇ. 1988ರಲ್ಲಿ ಎಸ್‌ಡಿಎಚ್ ಎಂಬ ಹೊಸ ಪದ್ಧತಿಗೆ ಅಂತರರಾಷ್ಟ್ರೀಯ ನಿಯಮ ಬಂತು. ಇದರಲ್ಲಿ ಎಲ್ಲ ಮಕ್ಸ್‌ಗಳೂ, ಅಂದರೆ ಅನೇಕ ಲೈನ್‌ಗಳನ್ನು ಒಂದಾಗಿ ಕಟ್ಟುವ ಮೆಷಿನ್‌ಗಳೂ, ಒಂದೇ ಮೂಲ ಗಡಿಯಾರದ ಲೆಕ್ಕಕ್ಕೆ ಓಡುತ್ತವೆ. ಆ ಗಡಿಯಾರ ಸಾಮಾನ್ಯದ್ದಲ್ಲ. ಅಂಥ ಎರಡನ್ನು ಬೇರೆ ಬೇರೆ ಓಡಲು ಬಿಟ್ಟರೂ, ಒಂದು ಫ್ರೇಮಿನಷ್ಟು, ಅಂದರೆ ಸಿಗ್ನಲ್ಲಿನ ಒಂದು ಕಂತಿನ 125 ಮೈಕ್ರೋಸೆಕೆಂಡ್, ವ್ಯತ್ಯಾಸ ಬರಲು 70 ದಿನಕ್ಕಿಂತ ಜಾಸ್ತಿ ಬೇಕು. ಹೀಗಾಗಿ 155 ಎಂಬಿಯ ಎಸ್‌ಟಿಎಂ-1 ಎಂಬ ಕಟ್ಟಿನಲ್ಲಿ ಹೋಗುವ 63 ಇ1ಗಳಲ್ಲಿ (ಒಂದೊಂದೂ 2 ಎಂಬಿ) ನಮ್ಮ ಊರಿನದು ಎಲ್ಲಿದೆ ಎಂದು ಮೆಷಿನ್‌ಗೆ ಗೊತ್ತಿರುತ್ತದೆ. ಅದೊಂದನ್ನೇ ಇಳಿಸಿ, ಉಳಿದದ್ದನ್ನು ಮುಂದೆ ಕಳಿಸುತ್ತದೆ.

ಸೆಕೆಂಡಿಗೆ 8000 ಫ್ರೇಮ್. ಪ್ರತಿ ಫ್ರೇಮಿನಲ್ಲೂ ನಮ್ಮಂಥ ನೌಕರರು ಮಾತಾಡಿಕೊಳ್ಳಲೆಂದೇ ಎರಡು ಬೈಟ್ ಮೀಸಲು. ಬೈಟಿಗೆ 8 ಬಿಟ್‌ನಂತೆ ಲೆಕ್ಕ ಹಾಕಿದರೆ ಒಂದೊಂದೂ ಸೆಕೆಂಡಿಗೆ ಸರಿಯಾಗಿ 64 ಕಿಲೋಬಿಟ್, ಒಂದು ಫೋನ್ ಲೈನ್. ಇದನ್ನೇ ಆರ್ಡರ್ ವೈರ್ ಅನ್ನುತ್ತಿದ್ದೆವು. ಕೇಬಲ್ ಕಟ್ಟಾದಾಗ ಮೊದಲು ಅದನ್ನೇ ಎತ್ತುತ್ತಿದ್ದೆವು. ಒಂದು ಕಡೆ ಕೆಂಪು ದೀಪ ಹತ್ತಿ ಎಲ್‌ಒಎಸ್ (ಸಿಗ್ನಲ್ ಇಲ್ಲ) ಎಂದು ತೋರಿಸಿದರೂ, ಇನ್ನೊಂದು ಕಡೆಯ ಸ್ಟೇಷನ್ನಿನವರು ಫೋನ್ ಎತ್ತಿದರೆ ಅರ್ಧ ಜೀವ ಬರುತ್ತಿತ್ತು. ರಿಂಗ್ ಕೆಲಸ ಮಾಡುತ್ತಿದೆ ಅಂತ ಅರ್ಥ. 50 ಮಿಲಿಸೆಕೆಂಡಿನಲ್ಲಿ ಟ್ರಾಫಿಕ್ ಆಚೆ ದಾರಿ ಹಿಡಿದಿರುತ್ತಿತ್ತು. ಮಾತಾಡುತ್ತಿದ್ದವರಿಗೆ ಒಂದು ‘ಟಕ್’ ಕೇಳಿಸಿದರೆ ಹೆಚ್ಚು.

ಹಾಗಾದರೆ ನಮ್ಮ ಊರಿಗೆ ಯಾಕೆ ಇದು ಆಗಲಿಲ್ಲ? ರಿಂಗಿನ ಎರಡು ಕೈಗಳೂ ಒಂದೇ ಚರಂಡಿ ಪಕ್ಕ, ಒಂದೇ ಪೈಪಿನಲ್ಲಿ ಮಲಗಿದ್ದವು. ಗುಂಡಿ ತೋಡಿದ ಜಾಗಕ್ಕೆ ಹೋಗಿ ನಾನೇ ನೋಡಿ ಬಂದೆ. ನಕ್ಷೆಯಲ್ಲಿ ಗುಂಡಗೆ ಬರೆದ ಮಾತ್ರಕ್ಕೆ ರಿಂಗ್ ಆಗುತ್ತದಾ? ಇನ್ನೊಂದು ರಸ್ತೆಯಲ್ಲಿ ಕೇಬಲ್ ಎಳೆಯಲು ದುಡ್ಡು ಬೇಕು, ಅರಣ್ಯ ಇಲಾಖೆಯ ಅನುಮತಿ ಬೇಕು, ನಿಜ. ಆದರೆ ಆ ಖರ್ಚು ಉಳಿಸಿ ದುಬಾರಿ ಮಕ್ಸ್ ತಂದು ಕೂರಿಸಿದ್ದು ಸುಮ್ನೆ ದಂಡ ಅಲ್ವಾ? ಈಗ ಬರುತ್ತಿರುವ ಪ್ಯಾಕೆಟ್ ಉಪಕರಣಕ್ಕೂ ಇದೇ ಮಾತು.

ರಸ್ತೆ ಅಗೆಯಲು ಅನುಮತಿ ಕೊಡುವ ಮೊದಲು ಕೇಬಲ್ ನಕ್ಷೆ ನೋಡುವುದು ಕಡ್ಡಾಯವಾಗಲಿ. ನಿಮ್ಮ ವರದಿಗಾರರಲ್ಲೂ ಒಂದು ವಿನಂತಿ. ಮುಂದಿನ ಸಲ ಯಾರಾದರೂ ‘ತಾಂತ್ರಿಕ ದೋಷ’ ಅಂದರೆ, ಎರಡನೇ ಕೇಬಲ್ ಯಾವ ರಸ್ತೆಯಲ್ಲಿ ಹೋಗಿದೆ ಎಂದು ಕೇಳಿ, ಉತ್ತರವನ್ನು ಹಾಗೇ ಅಚ್ಚು ಹಾಕಿ.

– ನಿವೃತ್ತ ಟೆಲಿಕಾಂ ನೌಕರ, ಶಿವಮೊಗ್ಗ ಜಿಲ್ಲೆ