ಕೊಂಡವರಿಗೆ ಕೈಕೊಟ್ಟರೆ

ನವನಗರ, ಬಾಗಲಕೋಟೆ

ಚಿರಂಜೀವಿ ಮಗಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ಕೈಸೇರಿತು. ಮನೆಯ ಸಂಗತಿಗಳನ್ನೆಲ್ಲ ನಿನ್ನ ಕಾಕು ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಆದ್ದರಿಂದ ಅವನ್ನು ಇಲ್ಲಿ ಬರೆಯುವುದಿಲ್ಲ. ಘಾಟಿನಲ್ಲಿ ಒಮ್ಮೆ ಬ್ರೇಕ್ ಕೈಕೊಟ್ಟ ನಿನ್ನ ಬೈಕನ್ನು ಇಟ್ಟುಕೊಳ್ಳಲೋ ಮಾರಲೋ ಎಂದು ನೀನು ಕೇಳಿದ್ದಕ್ಕೆ ನಾಲ್ಕು ಸಾಲಿನ ಉತ್ತರ ಸಾಕು ಎಂದುಕೊಂಡೇ ಓದುತ್ತಾ ಹೋದೆ. ಆದರೆ ಕೊನೆಯಲ್ಲಿ, ಸಹಿಗಿಂತ ಮೊದಲು, ನೀನು ಬರೆದ ಒಂದು ಸಾಲು ಮೂರು ರಾತ್ರಿಯಿಂದ ನನಗೆ ನಿದ್ದೆ ಕೊಟ್ಟಿಲ್ಲ. "ಕಾಕಾ, ಆ ಬ್ರೇಕ್ ಇನ್ನೊಮ್ಮೆ ನನಗೇ ಕೈಕೊಟ್ಟರೆ ಅದು ನನ್ನ ಹಣೆಬರಹ. ನನ್ನಿಂದ ಕೊಂಡವರಿಗೆ ಕೈಕೊಟ್ಟರೆ?" ಎಂದು ಬರೆದಿರುವೆ.

ಎಂಟು ವರ್ಷದ ಗಾಡಿ, ಮೀಟರಿನಲ್ಲಿ ಬರೀ 7,200 ಕಿಲೋಮೀಟರ್, ಬಣ್ಣ ಮಾಸಿಲ್ಲ, ಕೊಳ್ಳಲು ಹುಡುಗನೊಬ್ಬ ಸಿದ್ಧನಿದ್ದಾನೆ. ಯಾರನ್ನು ಕೇಳಿದರೂ ಬೆಲೆ ಇರುವಾಗಲೇ ಮಾರಿಬಿಡು ಎಂದು ಹೇಳುತ್ತಾರೆ, ಇಲ್ಲವೇ ಇಷ್ಟು ಕಡಿಮೆ ಓಡಿದ ಗಾಡಿ ಮತ್ತೆ ಸಿಗುವುದಿಲ್ಲ, ಇಟ್ಟುಕೋ ಎನ್ನುತ್ತಾರೆ. ಈ ಎರಡೂ ಮಾತುಗಳು ನಿನ್ನ ಆ ಸಾಲಿಗೆ ಉತ್ತರವಲ್ಲ. ಆ ಪ್ರಶ್ನೆಯನ್ನು ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಹೇಳದೆ ಹೊತ್ತುಕೊಂಡು ತಿರುಗಿದ್ದೇನೆ. ಅದನ್ನು ನಿನ್ನ ಕೈಬರಹದಲ್ಲಿ ಕಂಡಾಗ ನನಗೆ ಒಂದು ಬಗೆಯ ಭಯವೇ ಆಯಿತು.

ನನ್ನ ಯೆಜ್ಡಿಯ ಫೋಟೋವನ್ನು ನೀನು ನೋಡಿದ್ದೀಯೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ, 250 ಸಿಸಿಯ, ಎರಡು ಸೈಲೆನ್ಸರಿನ ಗಾಡಿ ಅದು. ಒಂದೇ ಲಿವರು ಅದರಲ್ಲಿ ಕಿಕ್ಕೂ ಆಗಿತ್ತು, ಗೇರೂ ಆಗಿತ್ತು. ಅದನ್ನು ನಾನು 1989ರಲ್ಲಿ ಮಾರಿದೆ ಎಂಬುದು ಮನೆಯವರಿಗೆಲ್ಲ ಗೊತ್ತು. ಯಾವ ಸ್ಥಿತಿಯಲ್ಲಿ ಮಾರಿದೆ ಎಂಬುದು ನಿನ್ನ ಕಾಕುವಿಗೂ ಗೊತ್ತಿಲ್ಲ. ಅದಕ್ಕೂ ಹಿಂದಿನ ವರ್ಷ ಗದ್ದನಕೇರಿ ಕ್ರಾಸಿನ ಹತ್ತಿರ ಕತ್ತಲಲ್ಲಿ ರಸ್ತೆಯ ಮೇಲಿದ್ದ ಕಲ್ಲಿಗೆ ಮುಂದಿನ ಗಾಲಿ ಹೊಡೆದು, ಆ ಗಾಲಿಯನ್ನು ಹಿಡಿದಿರುವ ಫೋರ್ಕ್ ಬಾಗಿತ್ತು. ಹೊಸದು ಹಾಕಿಸಲು ದುಡ್ಡಿರಲಿಲ್ಲವಾದ್ದರಿಂದ ಬಾಗಿದ್ದನ್ನೇ ಒತ್ತಿಸಿ ನೆಟ್ಟಗೆ ಮಾಡಿಸಿದೆ. ನೋಡುವವರ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಆದರೆ ವೇಗ ಅರವತ್ತು ದಾಟಿದೊಡನೆ ಹ್ಯಾಂಡಲು ಎಡಕ್ಕೆ ಎಳೆಯುತ್ತಿತ್ತು. ಕೊಳ್ಳಲು ಬಂದವರು ಬೀಳಗಿ ಕಡೆಯ ಒಬ್ಬ ಶಾಲಾ ಮಾಸ್ತರರು. ನಮ್ಮ ಹಳೆಯ ಓಣಿಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು, ಏಳುವ ಮುನ್ನ, "ಏನಾದರೂ ದೋಷ ಇದ್ದರೆ ಹೇಳಿಬಿಡಿ, ನಾನು ಗಾಡಿ ಬಲ್ಲವನಲ್ಲ" ಎಂದರು. ನಾನು "ಏನೂ ಇಲ್ಲ" ಎಂದೆ. ಅವರು 7,500 ರೂಪಾಯಿಯನ್ನು ಎಣಿಸಿ ಕೊಟ್ಟರು. ಆ ಓಣಿ, ಆ ಕಟ್ಟೆ ಈಗ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿವೆ, ಆದರೆ ನಾನು ಆಡಿದ ಆ ಎರಡು ಶಬ್ದಗಳು ಮಾತ್ರ ಮುಳುಗಲಿಲ್ಲ.

ಎಂಟು ತಿಂಗಳ ನಂತರ ಪೊಲೀಸರು ನಮ್ಮ ಮನೆಗೆ ಬಂದರು. ಮಾಸ್ತರರು ಗಾಡಿಯಿಂದ ಬಿದ್ದಿದ್ದರು. ಹೆಸರು ಬದಲಾಯಿಸುವ ಕಾಗದಕ್ಕೆ "ಆಮೇಲೆ ನೋಡಿದರಾಯಿತು" ಎಂದು ನಾವಿಬ್ಬರೂ ಸುಮ್ಮನಿದ್ದುದರಿಂದ ಸರ್ಕಾರದ ಪುಸ್ತಕದಲ್ಲಿ ಆ ಗಾಡಿ ಇನ್ನೂ ನನ್ನದೇ ಆಗಿತ್ತು. ಆಸ್ಪತ್ರೆಗೆ ಹೋಗಿ ನೋಡಿದೆ. ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಅವರು ನನ್ನ ಕೈ ಹಿಡಿದು, "ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ, ನಾನೇ ಜೋರಾಗಿ ಓಡಿಸಿದೆ" ಎಂದು ನನ್ನಲ್ಲೇ ಕ್ಷಮೆ ಕೇಳಿದರು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅವರು ಮುಂದೆ ಕಾಲು ಎಳೆಯುತ್ತಲೇ ನಡೆದರು, ಹಾಗೆಯೇ ನಿವೃತ್ತರಾದರು, ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಅವರು ಬಿದ್ದದ್ದು ಆ ಫೋರ್ಕಿನಿಂದಲೋ, ಅವರೇ ಹೇಳಿದಂತೆ ವೇಗದಿಂದಲೋ ನನಗೆ ಗೊತ್ತಿಲ್ಲ. ಹೌದು ಎಂದು ತಿಳಿದಿದ್ದರೆ ಪ್ರಾಯಶ್ಚಿತ್ತಕ್ಕೊಂದು ದಾರಿ ಇರುತ್ತಿತ್ತು, ಅಲ್ಲ ಎಂದು ತಿಳಿದಿದ್ದರೆ ಸಮಾಧಾನ ಇರುತ್ತಿತ್ತು. ಎರಡೂ ಇಲ್ಲದೆ ಬದುಕುವುದು ಹೇಗಿರುತ್ತದೆ ಎಂಬುದನ್ನು ನಾನು ಬಲ್ಲೆ. ಅದು ನಿನ್ನ ಪಾಲಿಗೆ ಬರಬಾರದು.

ಈಗ ನಿನ್ನ ಬ್ರೇಕಿನ ವಿಷಯ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನ ಇಳಿಜಾರಿನಲ್ಲಿ ಮುಂದಿನ ಬ್ರೇಕಿನ ಲಿವರು ಮೆತ್ತಗಾಗಿ ಹಿಡಿಕೆಯವರೆಗೆ ಬಂದುಬಿಟ್ಟಿತು, ತಾಸು ಹೊತ್ತು ನಿಲ್ಲಿಸಿದ ಮೇಲೆ ಮೊದಲಿನಂತೆ ಗಟ್ಟಿಯಾಯಿತು, ಬೆಳಗಾವಿಗೆ ಮರಳಿ ತೋರಿಸಿದರೆ ಮೆಕ್ಯಾನಿಕ್ ಏನೂ ಇಲ್ಲ ಎಂದ ಎಂದು ಬರೆದಿದ್ದೀಯೆ. ಆ "ಏನೂ ಇಲ್ಲ" ಎಂಬ ಮಾತು ನನ್ನನ್ನು ಚುಚ್ಚಿತು. ಇಲ್ಲಿ ಗ್ಯಾರೇಜ್ ನಡೆಸಿ ಕೂದಲು ಬೆಳ್ಳಗಾದ ಗೆಳೆಯನೊಬ್ಬನ ಮುಂದೆ ನಿನ್ನ ಪತ್ರದ ಆ ಭಾಗವನ್ನಷ್ಟೇ ಓದಿದೆ, ಕ್ಷಮಿಸು. ಅವನು ಮೊದಲು ಕೇಳಿದ್ದು ಗಾಡಿ ಎಷ್ಟು ಓಡಿದೆ ಎಂದಲ್ಲ, ಬ್ರೇಕ್ ಆಯಿಲ್ ಬದಲಿಸಿ ಎಷ್ಟು ವರ್ಷವಾಯಿತು ಎಂದು. ಲಿವರಿನ ಒತ್ತನ್ನು ಗಾಲಿಯ ಬ್ರೇಕಿಗೆ ಮುಟ್ಟಿಸುವ ಆ ಎಣ್ಣೆ ಗಾಳಿಯಲ್ಲಿನ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆಯಂತೆ, ಗಾಡಿ ಓಡಲಿ ಬಿಡಲಿ. ಡಾಟ್ 4 ಎಂಬ ದರ್ಜೆಯ ಹೊಸ ಎಣ್ಣೆ 230 ಡಿಗ್ರಿಯವರೆಗೂ ಕುದಿಯಬಾರದು ಎಂಬ ನಿಯಮವಿದೆ, ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯ ಇಳಿಜಾರಿನಲ್ಲಿ ಬ್ರೇಕನ್ನು ಹಿಡಿದೇ ಇಳಿದರೆ ಡಿಸ್ಕ್ ಕಾದು, ಆ ಕಾವು ಎಣ್ಣೆಗೆ ತಗುಲಿ, ಒಳಗಿನ ನೀರು ಆವಿಯಾಗುತ್ತದೆ. ನೀನು ಒತ್ತಿದ್ದು ಗಾಲಿಯನ್ನು ಹಿಡಿಯುವುದಿಲ್ಲ, ಬರೀ ಆವಿಯನ್ನು ಹಿಂಡುತ್ತದೆ. ತಣಿದಾಗ ಆವಿ ಮತ್ತೆ ನೀರಾಗಿ ಲಿವರು ಗಟ್ಟಿಯಾಗುತ್ತದೆ. ಬೆಳಗಾವಿಯ ಆ ಮೆಕ್ಯಾನಿಕ್ ಸುಳ್ಳು ಹೇಳಲಿಲ್ಲ, ಅವನು ನೋಡಿದ್ದು ತಣಿದ ಗಾಡಿಯನ್ನು.

ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಎಣ್ಣೆಯನ್ನು ನಿನಗಿಂತ ಮುಂಚಿನ ಮಾಲೀಕರು ಬಹುಶಃ ಒಮ್ಮೆಯೂ ಬದಲಿಸಿರಲಿಕ್ಕಿಲ್ಲ, ಏಕೆಂದರೆ ಅವರು ಸರ್ವಿಸನ್ನು ಕಿಲೋಮೀಟರಿನಿಂದ ಲೆಕ್ಕ ಹಾಕಿದ್ದಾರು. ಗಾಡಿ ಓಡಿಯೇ ಇಲ್ಲ, ಸರ್ವಿಸ್ ಏತಕ್ಕೆ ಎಂದು ಬಿಟ್ಟಿದ್ದಾರು. ನಾವು ಕಡಿಮೆ ಓಡಿದ ಗಾಡಿಯನ್ನು ಕನ್ಯೆಯನ್ನು ಹೊಗಳಿದಂತೆ ಹೊಗಳುತ್ತೇವೆ. ಅದು ನಿಂತ ಜಾಗದಲ್ಲೇ ಮುಪ್ಪಾಗುತ್ತದೆ ಎಂಬುದು ನನಗೂ ಇಷ್ಟು ಸ್ಪಷ್ಟವಾಗಿ ತಿಳಿದಿರಲಿಲ್ಲ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ, 2317 ಎಂದಿದ್ದರೆ 2017ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ನಿನ್ನ ಗಾಡಿಯ ಟಯರು ಹಳೆಯದೇ ಆಗಿದ್ದರೆ ಗೆರೆಗಳು ಸವೆಯದಿದ್ದರೂ ರಬ್ಬರು ಬಿರುಸಾಗಿರುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ, ನಮ್ಮ ಮುಧೋಳ, ಜಮಖಂಡಿ ಕಡೆಯ ಕಬ್ಬಿನಿಂದಲೂ ಬರುವುದೇ. ಅದಕ್ಕೂ ನೀರನ್ನು ಹೀರುವ ಗುಣವಿದೆ, ಆದ್ದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕಿನ ಒಳಗು ತುಕ್ಕು ಹಿಡಿದೀತು. ಇವೆಲ್ಲ ಬ್ರೇಕಿನ ಮುಂದೆ ಸಣ್ಣವು. ತಪ್ಪು ತಿಳಿಯಬೇಡ, ಹೆದರಿಸಲು ಬರೆಯುತ್ತಿಲ್ಲ.

ಆದರೆ ದೋಷ ಎಣ್ಣೆಯಲ್ಲೇ ಇದೆ ಎಂದು ನಾನು ಇಲ್ಲಿ ಕುಳಿತು ಆಣೆ ಮಾಡಲಾರೆ. ಹಿಡಿಕೆಯ ಬಳಿ ಎಣ್ಣೆಯನ್ನು ಒತ್ತುವ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರು ಸವೆದಿದ್ದರೂ, ಕೊಳವೆ ಉಬ್ಬಿದ್ದರೂ ಲಿವರು ಮೆತ್ತಗಾಗುತ್ತದೆ ಎಂದು ಆ ಗ್ಯಾರೇಜಿನ ಗೆಳೆಯನೇ ಹೇಳಿದ. ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದು, "ಘಾಟಿ ಇಳಿಯುವಾಗ ಹೀಗಾಯಿತು" ಎಂದು ಚೀಟಿಯಲ್ಲಿ ಬರೆಯಿಸಿ, ಎಣ್ಣೆಯನ್ನು ಪೂರ್ತಿ ಬದಲಿಸಿ ಬ್ರೇಕಿನ ಕೊಳವೆಯೊಳಗಿನ ಗಾಳಿ ತೆಗೆಯಲು ಹೇಳು, ಆ ರಬ್ಬರನ್ನೂ ಕೊಳವೆಯನ್ನೂ ನೋಡಲು ಹೇಳು. ಆ ಚೀಟಿಯನ್ನು ಎಸೆಯಬೇಡ.

ಮಾರಬೇಕೋ ಇಟ್ಟುಕೊಳ್ಳಬೇಕೋ ಎಂಬುದಕ್ಕೆ ನಾನು ನೇರವಾಗಿ ಉತ್ತರಿಸುತ್ತಿಲ್ಲ ಎಂದು ನಿನಗೆ ಬೇಸರವಾದೀತು. ಕಾಕಾನಾಗಿ ಕೇಳಿದರೆ ಆ ಗಾಡಿ ನಾಳೆಯೇ ನಿನ್ನ ಅಂಗಳದಿಂದ ಹೋಗಲಿ ಎಂದು ನನಗೆ ಅನ್ನಿಸುತ್ತದೆ. ಈ ಚಳಿಗಾಲದಲ್ಲಿ ಯರಗಟ್ಟಿ, ಲೋಕಾಪುರದ ರಸ್ತೆಯಲ್ಲಿ ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಲಿಗಳ ನಡುವೆ ನೀನು ಗಾಡಿ ಓಡಿಸಿಕೊಂಡು ಊರಿಗೆ ಬರುತ್ತೀಯೆ ಎಂದು ನೆನೆದರೆ ನನ್ನ ಊಟ ಗಂಟಲಲ್ಲೇ ನಿಲ್ಲುತ್ತದೆ. ಆದರೆ ಯೆಜ್ಡಿ ಮಾರಿದವನಾಗಿ ಕೇಳಿದರೆ, ಬ್ರೇಕಿನ ಕಾರಣ ತಿಳಿಯುವವರೆಗೆ ಅದು ನಿನ್ನ ಅಂಗಳವನ್ನು ಬಿಟ್ಟು ಹೋಗಬಾರದು. ಕೊಳ್ಳಲು ಬಂದ ಹುಡುಗನಿಗೂ ಒಬ್ಬ ಕಾಕಾ ಇದ್ದಾನು.

ಸರಿಮಾಡಿಸಿದ ಮೇಲೂ ಮಾರುವುದಾದರೆ ಚೋರ್ಲಾದಲ್ಲಿ ಆದದ್ದನ್ನು ಅವನು ಕೇಳದಿದ್ದರೂ ಹೇಳು, ಆ ಚೀಟಿ ತೋರಿಸು. ಅವನು ಐದು ಸಾವಿರ ಕಡಿಮೆ ಕೇಳಬಹುದು, ಕೈಬಿಡಲೂಬಹುದು. ನಾನು ಅಂದು ಉಳಿಸಿಕೊಂಡ ದುಡ್ಡು ಅದಕ್ಕಿಂತ ಬಹಳ ಕಡಿಮೆ ಇತ್ತು. ಆರ್‌ಸಿ ಆಮೇಲೆ ಮಾಡಿಸಿಕೊಳ್ಳುತ್ತೇನೆ ಎಂದು ಅವನು ಹೇಳಿದ್ದಾಗಿ ಬರೆದಿರುವೆ, ಆ ಮಾತಿಗೆ ಮಾತ್ರ ಒಪ್ಪಬೇಡ. ಹೆಸರು ಬದಲಾಯಿಸುವ 29 ಮತ್ತು 30ನೇ ನಮೂನೆಗಳಿಗೆ ಬೇಕಾದ ಸಹಿಗಳೆಲ್ಲ ಆಗಿ, ಅವು ಆರ್‌ಟಿಒ ಕಚೇರಿಗೆ ಸಲ್ಲಿಕೆಯಾದ ಮೇಲೆಯೇ ಕೀಲಿ ಕೊಡು. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ ತಿಳಿಸಬೇಕೆಂದು ಕಾನೂನಿದೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಇದು ನಿನ್ನ ಭಯಕ್ಕೆ ಕಾನೂನಿನ ಕಡೆಯ ಉತ್ತರ ಮಾತ್ರ ಎಂದು ನನಗೂ ಗೊತ್ತು. ಪೊಲೀಸರು ನಮ್ಮ ಮನೆಗೆ ಬಂದದ್ದಕ್ಕಿಂತ ಮಾಸ್ತರರು ನನ್ನ ಕೈ ಹಿಡಿದದ್ದೇ ಇಂದಿಗೂ ನನಗೆ ಭಾರ.

ಇಟ್ಟುಕೊಳ್ಳುವುದಾದರೆ ಹೊದಿಕೆ ಹಾಕಿ ನಿಲ್ಲಿಸಬೇಡ, ವಾರಕ್ಕೊಮ್ಮೆಯಾದರೂ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸು. ಇಳಿಜಾರಿನಲ್ಲಿ ಗೇರು ಇಳಿಸಿ ಎಂಜಿನ್ನೇ ಗಾಡಿಯನ್ನು ಹಿಡಿಯಲಿ, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತು. ಇದು ನಿನಗೆ ತಿಳಿದದ್ದೇ ಇರಬಹುದು, ವಯಸ್ಸಾದವನ ಮಾತು ಎಂದು ಸಹಿಸಿಕೋ. ನಿನ್ನ ಅಪ್ಪನಿಗೆ ಮಾಸ್ತರರ ಸಂಗತಿಯನ್ನು ನಾನೇ ಹೇಳುತ್ತೇನೆ, ನೀನು ಹೇಳಬೇಡ.

ಆ ಹುಡುಗ ಭಾನುವಾರ ಬರುತ್ತಾನೆಂದು ಬರೆದಿರುವೆ. ಎರಡು ವಾರ ತಡೆಯಲು ಹೇಳು. ಹ್ಯಾಂಡಲಿನ ಬಲಗಡೆ, ಬ್ರೇಕ್ ಲಿವರಿನ ಮೇಲೆ ಒಂದು ಸಣ್ಣ ಡಬ್ಬಿ ಇದೆ, ಅದಕ್ಕೆ ಗುಂಡಗಿನ ಗಾಜಿನ ಕಿಟಕಿ ಇರುತ್ತದೆ. ಹಗಲಿನ ಬೆಳಕಿನಲ್ಲಿ ಅದರೊಳಗಿನ ಎಣ್ಣೆಯನ್ನು ನೋಡು. ಹೊಸದಾಗಿದ್ದರೆ ತಿಳಿಯಾದ ಜೇನಿನಂತೆ ಇರುತ್ತದೆ, ಹಳೆಯದಾದರೆ ಕಾಕಂಬಿಯಂತೆ ಕಪ್ಪಾಗಿರುತ್ತದೆ. ಯಾವ ಬಣ್ಣವಿತ್ತು ಎಂದು ನನಗೆ ಬರೆ, ಇಲ್ಲವೇ ಇಂದು ರಾತ್ರಿಯೇ ಫೋನ್ ಮಾಡು. ಎಷ್ಟು ಹೊತ್ತಾದರೂ ನಾನು ಎಚ್ಚರವಿರುತ್ತೇನೆ.

ನಿನ್ನ
ಕಾಕಾ