ದಯೆಗೆ ಬೇರೆ ಪೀರಿಯಡ್ ಬೇಡ

ಸಂಪಾದಕರೇ,

ಮಕ್ಕಳಲ್ಲಿ ಕರುಣೆ ಕಡಿಮೆಯಾಗಿದೆ, ಶಾಲೆಯಲ್ಲಿ ಮೌಲ್ಯ ಶಿಕ್ಷಣದ ಪೀರಿಯಡ್ ಜಾಸ್ತಿ ಮಾಡಬೇಕು ಅಂತ ಸುಮಾರು ಜನ ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಇರುವ ಒಂದು ಪೀರಿಯಡ್ಡನ್ನೇ ಪರೀಕ್ಷೆ ಹತ್ತಿರ ಬಂದಾಗ ಗಣಿತದವರು ಎತ್ತಿಕೊಂಡು ಹೋಗುತ್ತಾರೆ. ಹೋಗದಿದ್ದರೂ ಅಲ್ಲಿ ನಡೆಯುವುದು ಇಷ್ಟೇ: ಬೋರ್ಡಿನ ಮೇಲೆ ಒಂದು ಒಳ್ಳೆಯ ಮಾತು, ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಇಳಿಸುವುದು.

ನಾವು ಪುಣೆಯವರು. ಮನೆಯಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿದ್ದಾರೆ, ಅವರ ಪಾಠ ನಾನೂ ಓದುತ್ತೇನೆ. ದಯೆ ಕಲಿಸುವ ಜಾಗ ಅದೇ ಪಾಠಗಳಲ್ಲಿದೆ.

ಸಾವಿತ್ರಿಬಾಯಿ ಫುಲೆ ಅವರನ್ನೇ ತಗೊಳ್ಳಿ. ಇಲ್ಲೇ ಪುಣೆಯ ಭಿಡೆ ವಾಡಾ ಅನ್ನುವ ಮನೆಯಲ್ಲಿ ಅವರು ನಡೆಸಿದ ಹೆಣ್ಣುಮಕ್ಕಳ ಶಾಲೆ, 1848. ಇಲ್ಲಿನ ಮಕ್ಕಳು ನಿದ್ದೆಯಲ್ಲೂ ಹೇಳುತ್ತಾರೆ. ಆದರೆ 1897ರಲ್ಲಿ ಪ್ಲೇಗ್ ಬಂದು ಜನ ಊರು ಬಿಟ್ಟು ಓಡುತ್ತಿದ್ದಾಗ, ಅರವತ್ತು ದಾಟಿದ ಆ ಹೆಂಗಸು ರೋಗ ತಗುಲಿದ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ಮಗನ ದವಾಖಾನೆಗೆ ತಂದರು, ಅದೇ ರೋಗ ಅಂಟಿ ತೀರಿಕೊಂಡರು. ಇಲ್ಲಿ ಟೀಚರ್ ಒಂದು ನಿಮಿಷ ನಿಂತು, ಅವರು ಯಾಕೆ ಹೋದರು, ನೀನಾಗಿದ್ದರೆ ಹೋಗುತ್ತಿದ್ದೆಯಾ ಅಂತ ಕೇಳಬಹುದಲ್ವಾ? ಮಗು 'ಇಲ್ಲ, ನನಗೆ ಹೆದರಿಕೆ' ಅಂದರೂ ಸರಿ. ಅದು ನಿಜವಾದ ಉತ್ತರ.

ಇನ್ನು ಪರಿಸರ ಪಾಠ. ಜನವರಿಯಲ್ಲಿ ಗಾಳಿಪಟದ ಗಲಾಟೆ. ನೈಲಾನ್ ಮಾಂಜಾವನ್ನು, ಅಂದರೆ ಗಾಜಿನ ಪುಡಿ ಸವರಿದ ಗಾಳಿಪಟದ ದಾರವನ್ನು, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಆದರೂ ಕದ್ದು ಮಾರುತ್ತಾರೆ, ನಮ್ಮ ಮಕ್ಕಳೇ ಕೊಳ್ಳುತ್ತಾರೆ, ದುಡ್ಡು ಕೊಡುವವರು ನಾವೇ. ಬೈಕಿನವರ ಕುತ್ತಿಗೆ ಕುಯ್ಯುತ್ತದೆ, ಹದ್ದು ಗೂಬೆಗಳ ರೆಕ್ಕೆ ಕತ್ತರಿಸುತ್ತದೆ. ಗಾಜಿನ ಪುಡಿ ಇಲ್ಲದ ಸಾದಾ ಹತ್ತಿ ದಾರ, ಸಾದಾ ನೈಲಾನ್ ದಾರ ಎರಡನ್ನೂ ತರಗತಿಗೆ ತಂದು ಎಳೆದು ತೋರಿಸಿ. ಹತ್ತಿ ಬೇಗ ತುಂಡಾಗುತ್ತದೆ, ಮಣ್ಣಲ್ಲಿ ಬಿದ್ದರೆ ಕೊಳೆಯುತ್ತದೆ. ನೈಲಾನ್ ವರ್ಷಗಟ್ಟಲೆ ಕೊಂಬೆಗೆ ಸಿಕ್ಕಿಕೊಂಡೇ ಇರುತ್ತದೆ, ಹಬ್ಬ ಮುಗಿದು ಎಷ್ಟೋ ತಿಂಗಳ ಮೇಲೂ ಹಕ್ಕಿ ಅದರಲ್ಲಿ ನೇತಾಡುತ್ತದೆ. ಇದು ವಿಜ್ಞಾನ, ಸಿಲೆಬಸ್ ಬಿಟ್ಟು ಆಚೆ ಹೋದಂತೇನಲ್ಲ. ಜೀವಿಗಳ ಮೇಲೆ ದಯೆ ಇರಬೇಕು ಅನ್ನುವುದು ಸಂವಿಧಾನದ 51ಎ ವಿಧಿಯಲ್ಲೇ ಇದೆ, 1976ರ ತಿದ್ದುಪಡಿಯಲ್ಲಿ ಸೇರಿದ್ದು. ಪಾಠ ಮಾತ್ರ ಡಿಸೆಂಬರಿನಲ್ಲೇ ಆಗಲಿ, ಹಬ್ಬದ ಹೊತ್ತಿಗೆ ಮಾಂಜಾ ಮನೆಗೆ ಬಂದಿರುತ್ತದೆ.

ಗಣಿತದಲ್ಲೂ ಆಗುತ್ತದೆ. ಭಾಗಾಕಾರ ಅಂದರೆ ಹಂಚುವುದೇ ತಾನೆ.

ನನಗೆ ಜಾಸ್ತಿ ಬೇಜಾರಾಗುವುದು ಭಾಷೆಯ ತರಗತಿ ಬಗ್ಗೆ. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಇಲ್ಲಿನ ಶಾಲೆಗೆ ಸೇರುತ್ತಾರೆ. ಮರಾಠಿ ಕಲಿಯಲೇಬೇಕು, 2020ರ ಕಾಯ್ದೆಯೇ ಇದೆ, ಕಲಿಯಲಿ, ಒಳ್ಳೆಯದೇ. ಆದರೆ ಆ ಮಗು ತಪ್ಪು ಉಚ್ಚರಿಸಿದಾಗ ಇಡೀ ಕ್ಲಾಸ್ ನಗುತ್ತದೆ, ಕೆಲವು ಕಡೆ ಟೀಚರೂ ನಗುತ್ತಾರೆ. ಕನ್ನಡ ಮಾಧ್ಯಮದಲ್ಲಿ ಇದು ಇಲ್ಲ ಅಂದುಕೊಳ್ಳಬೇಡಿ, ಕಲಬುರಗಿ ಕನ್ನಡ ಕೇಳಿ ಮಂಗಳೂರು ಕಡೆಯ ಮಕ್ಕಳು ನಗುವುದನ್ನೂ ನೋಡಿದ್ದೇನೆ. ಟೀಚರ್ ನಗುವುದನ್ನು ನೋಡಿದ ಮಕ್ಕಳಿಗೆ ಯಾವ ಮೌಲ್ಯ ಶಿಕ್ಷಣವೂ ನಾಟುವುದಿಲ್ಲ. ಆ ಮಗುವಿನ ಊರಿನ ಒಂದು ಕಥೆಯನ್ನೋ ಒಗಟನ್ನೋ ಅದರ ಮಾತಿನಲ್ಲೇ ಹೇಳಿಸಿ, ಉಳಿದವರು ಅರ್ಥ ಮಾಡಿಕೊಳ್ಳಲು ಒದ್ದಾಡಲಿ. ಖರ್ಚು ಏನೂ ಇಲ್ಲ.

ಟೀಚರುಗಳ ಮೇಲೆ ಇದನ್ನೂ ಹೇರಿದರೆ ಹೇಗೆ ಅನ್ನಬಹುದು. ಜನಗಣತಿ, ಚುನಾವಣೆ ಅಂತ ಅವರಿಗೆ ಈಗಲೇ ಸಾಕಷ್ಟಿದೆ, ನಿಜ. ಅದಕ್ಕೇ ಹೊಸ ಪೀರಿಯಡ್ ಬೇಡ, ಹೊಸ ರಿಜಿಸ್ಟರ್ ಬೇಡ ಅಂತ ಹೇಳುತ್ತಿರುವುದು. ಇನ್ನೊಂದು ಮಾತು, ದಯವಿಟ್ಟು ದಯೆಗೆ ಮಾರ್ಕ್ಸ್ ಇಡಬೇಡಿ. ಇಟ್ಟರೆ ನಮ್ಮಂಥ ಪಾಲಕರು ಅದಕ್ಕೂ ಟ್ಯೂಷನ್ ಹುಡುಕಿಕೊಂಡು ಹೊರಡುತ್ತೇವೆ.

— ಓದುಗಳು, ಧನಕವಡಿ, ಪುಣೆ