75ಕ್ಕೆ 100 ಕೊಟ್ಟು ‘ಕೊರತೆ ಇಲ್ಲ’ ಅಂದರೆ?

ಮಾನ್ಯರೇ,

ತಾಲ್ಲೂಕು ಆಸ್ಪತ್ರೆಯಲ್ಲಿ ಥೈರಾಯ್ಡ್ ಮಾತ್ರೆಗೆ ಪರದಾಟ ಎಂಬ ನಿಮ್ಮ ವರದಿಗೆ ಅಧಿಕಾರಿಗಳು ಕೊಟ್ಟ ಉತ್ತರ ಓದಿದೆ. ಕೊರತೆಯೇ ಇಲ್ಲವಂತೆ. ನಿಜ, ನಿನ್ನೆ ನನಗೂ ಮಾತ್ರೆ ಸಿಕ್ಕಿತು. ಚೀಟಿಯಲ್ಲಿದ್ದದ್ದು 75 ಮೈಕ್ರೋಗ್ರಾಂ, ಕಿಟಕಿಯಿಂದ ಕೈಗೆ ಬಂದದ್ದು 100. ‘ನಾಲ್ಕು ಚೂರು ಮಾಡಿ ಮೂರು ನುಂಗಿ, ಏನೂ ಆಗಲ್ಲ’ ಅಂದರು. ಆ ಮಾತ್ರೆ ಅವರೆಕಾಳಿನಷ್ಟೂ ಇಲ್ಲ, ಚಾಕು ತಾಗಿದರೆ ಪುಡಿ. ದಿನಕ್ಕೊಂದು ಚೂರು ಉಳಿಸಿದರೆ ನಾಲ್ಕನೇ ದಿನ ಹೊಸ ಮಾತ್ರೆ ಮುಟ್ಟುವುದೇ ಬೇಡ. ಇಂಥ ಲೆಕ್ಕ ಕಂಡುಹಿಡಿದ ಪುಣ್ಯಾತ್ಮರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕು!

ಇದು ತಲೆನೋವಿನ ಗುಳಿಗೆಯಲ್ಲ ಸ್ವಾಮಿ. ಡೋಸ್ ಜಾಸ್ತಿಯಾದರೆ ಎದೆ ಡವಡವ, ನಿದ್ದೆ ಇಲ್ಲ. ಕಮ್ಮಿಯಾದರೆ ಬೆಳಿಗ್ಗೆ ಮುಖ ಊದಿಕೊಂಡಿರುತ್ತದೆ, ಬಾಚಣಿಗೆ ತುಂಬ ಕೂದಲು, ಏಪ್ರಿಲ್ ತಿಂಗಳಲ್ಲೂ ಸ್ವೆಟರು, ಒಲೆ ಮೇಲೆ ಹಾಲಿಟ್ಟದ್ದೇ ಮರೆತುಹೋಗುತ್ತದೆ. ಡೋಸ್ ಬದಲಾದರೆ ಸರಿಹೊಂದಿತೋ ಇಲ್ಲವೋ ತಿಳಿಯಲು 6ರಿಂದ 8 ವಾರ ಬಿಟ್ಟು ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಬೇಕು. ಅಷ್ಟು ದಿನ ಕಾದು ಹೋದರೆ ‘ರಿಯೇಜೆಂಟ್ (ಪರೀಕ್ಷೆಗೆ ಬೇಕಾದ ರಾಸಾಯನಿಕ) ಬಂದಿಲ್ಲ, ಹೊರಗಡೆ ಮಾಡಿಸ್ಕೊಳ್ಳಿ’. ಹೊರಗಡೆ ಎಂದರೆ ಎದುರಿಗಿರುವ ಲ್ಯಾಬು. ಅದು ಯಾರಿಗೆ ಬೇಕಾದವರದ್ದು ಎಂದು ಊರಿಗೇ ಗೊತ್ತು, ನಾನೇಕೆ ಹೇಳಲಿ.

ರಿಪೋರ್ಟು ನಾರ್ಮಲ್ ಬಂದರೂ ಮೈಕೈ ನೋವು, ಸುಸ್ತು ಬಿಟ್ಟಿಲ್ಲ ಎಂದರೆ ‘ವಯಸ್ಸಾಯ್ತಲ್ಲಮ್ಮಾ, ವಾಕಿಂಗ್ ಮಾಡಿ’ ಎಂಬ ಉಪದೇಶ. ರಕ್ತ ಕಮ್ಮಿಯಿದೆಯೇ, ವಿಟಮಿನ್ ಬಿ12 ಎಷ್ಟಿದೆ ಎಂದು ನೋಡಿಸುವ ಪುರುಸೊತ್ತು ಯಾರಿಗೂ ಇಲ್ಲ. ಇದರ ಮೇಲೆ ಕಬ್ಬಿಣಾಂಶದ ಮಾತ್ರೆಯನ್ನೂ ಥೈರಾಯ್ಡ್ ಮಾತ್ರೆಯನ್ನೂ ಒಂದೇ ಕವರಿಗೆ ಸುರಿದು ‘ತಿಂಡಿ ಆದ್ಮೇಲೆ’ ಎಂದು ಗೀಚಿ ಕೊಡುತ್ತಾರೆ. ಥೈರಾಯ್ಡಿನದ್ದು ಖಾಲಿ ಹೊಟ್ಟೆಗೆ, ಕಾಫಿಗೂ ಅರ್ಧ ಗಂಟೆ ಮುಂಚೆ. ಕಬ್ಬಿಣಾಂಶದ್ದು, ಕ್ಯಾಲ್ಸಿಯಂದು ನಾಲ್ಕು ಗಂಟೆ ಬಿಟ್ಟು. ಇದನ್ನು ನನಗೆ ಹೇಳಿಕೊಟ್ಟದ್ದು ಸರದಿಯಲ್ಲಿ ಪಕ್ಕ ನಿಂತಿದ್ದ ಅಂಗನವಾಡಿ ಟೀಚರು.

ಈ ಆಸ್ಪತ್ರೆಯ ಕಥೆ ಹೊಸದೇನಲ್ಲ. ರಿಬ್ಬನ್ ಕತ್ತರಿಸಿ ಉದ್ಘಾಟಿಸಿದ ಕುಡಿಯುವ ನೀರಿನ ಘಟಕದಲ್ಲಿ ಈಗ ಪೊರಕೆ, ಫಿನಾಯಿಲ್ ಇಡುತ್ತಾರೆ. ಮುಂದಿನ ಚರಂಡಿಗೆ ಹಾಕಿದ್ದ ಕಲ್ಲು ಒಡೆದು ಯಾವ ಕಾಲವಾಯಿತೋ. ಪುರಸಭೆಯವರನ್ನು ಕೇಳಿದರೆ ಆಸ್ಪತ್ರೆಯವರ ಮೇಲೆ ಹೇಳುತ್ತಾರೆ, ಆಸ್ಪತ್ರೆಯವರು ಪುರಸಭೆ ಕಡೆ ಬೆರಳು ತೋರಿಸುತ್ತಾರೆ. ಶಾಸಕರಂತೂ ಫ್ಲೆಕ್ಸಿನಲ್ಲಿ ಮಾತ್ರ ಕಾಣಸಿಗುತ್ತಾರೆ.

ಸಂಬಂಧಪಟ್ಟವರು ಕೂಡಲೇ 25, 50, 75ರ ಮಾತ್ರೆಗಳನ್ನೆಲ್ಲ ತರಿಸಲಿ, ಲ್ಯಾಬನ್ನೂ ಸರಿಮಾಡಲಿ, ಆ ಚರಂಡಿಯನ್ನೂ. ಆಗದಿದ್ದರೆ ಪತ್ರಿಕೆಗೆ ಹೇಳಿಕೆ ಕೊಡುವುದನ್ನಾದರೂ ನಿಲ್ಲಿಸಲಿ. ಸಂಬಳ ಮಾತ್ರ ಚೂರು ಮಾಡದೆ ಇಡಿಯಾಗಿ ಎಣಿಸಿಕೊಳ್ಳುತ್ತಾರಲ್ಲ, ನಾಚಿಕೆಯಾಗಬೇಕು.

– ನೊಂದ ಗೃಹಿಣಿ, ಕೋಟೆ ಬೀದಿ